ಐದನೆಯ ಸದಸ್ಯರು

ಮಾರ್ಚ್ 4

ಅತ್ತಿಗೆ,

ನಮಸ್ಕಾರ. ಕಿವಿಯ ಹೊಸ ಯಂತ್ರವೂ ಕೈಕೊಟ್ಟಿತೆಂದು ಬರೆದಿದ್ದಿರಿ. ಇರಲಿ ಬಿಡಿ. ಫೋನಿನಲ್ಲಿ ಇಬ್ಬರೂ ಕಿರುಚಿಕೊಳ್ಳುವುದಕ್ಕಿಂತ ಕಾಗದವೇ ವಾಸಿ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕಲಾರಿರಿ.

ನಿಮ್ಮ ತಮ್ಮನ ನಡುಕ ಹಾಗೇ ಇದೆ. ಮಾತ್ರೆಯ ಹೊತ್ತು ಅರ್ಧ ಗಂಟೆ ತಪ್ಪಿದರೂ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಈ ಕಾಯಿಲೆ ಶುರುವಾದ ನಾಲ್ಕು ವರ್ಷದಲ್ಲಿ, ಪಕ್ಕದ ಕೋಣೆಯಲ್ಲಿದ್ದರೂ ಹೆಜ್ಜೆಯ ಸದ್ದಿನಿಂದಲೇ ಇವರು ಈಗ ಬೀಳುತ್ತಾರೋ ಇಲ್ಲವೋ ಹೇಳುವಷ್ಟು ಕಲಿತಿದ್ದೇನೆ.

ಹೊಸ ಸುದ್ದಿ ಒಂದಿದೆ. ಆಸ್ಪತ್ರೆಯವರು ಈ ಕಾಯಿಲೆಯ ಬಗ್ಗೆ ಸಂಶೋಧನೆಯೊಂದನ್ನು ಶುರುಮಾಡುತ್ತಿದ್ದಾರೆ. ಏನನ್ನು ಸಂಶೋಧಿಸಬೇಕೆಂದು ಡಾಕ್ಟರುಗಳೇ ತೀರ್ಮಾನಿಸದೆ ಕಾಯಿಲೆ ಇರುವವರನ್ನು ಕೇಳೋಣ ಎಂದು ಎಂಟು ಜನರ ಗುಂಪು ಮಾಡಿದ್ದಾರೆ. ರಕ್ತ ತೆಗೆಯುವುದಿಲ್ಲ, ಔಷಧಿ ಕೊಡುವುದಿಲ್ಲ. ಮಾತಾಡಬೇಕು, ಅಷ್ಟೆ. ಮಾತಾಡುವುದಕ್ಕೆ ನಿಮ್ಮ ತಮ್ಮನನ್ನು ಆರಿಸಿದ್ದಾರೆ! ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡುತ್ತ ಒಬ್ಬರೇ ಇದ್ದು ರೂಢಿಯಾದ ಮನುಷ್ಯ. ಮನೆಯಲ್ಲಿ ಎರಡು ಸಲ 'ಹೂಂ' ಅಂದರೆ ಅದೇ ಭಾಷಣ.

ಗುರುವಾರ ಮೊದಲ ಸಭೆ. ಕರೆದುಕೊಂಡು ಹೋದೆ. ಒಳಗೆ ಹೋಗಲು ಎದ್ದರೆ ಸಂಯೋಜಕಿ ಬಾಗಿಲಲ್ಲೇ ತಡೆದಳು. ಇನ್ನೂ ಚಿಕ್ಕ ವಯಸ್ಸು, ಕತ್ತಿನಲ್ಲಿ ಗುರುತಿನ ಚೀಟಿ.

"ಮನೆಯವರು ಒಳಗಿದ್ರೆ ಎಲ್ಲರೂ ಅವರ ಮುಖ ನೋಡ್ಕೊಂಡೇ ಮಾತಾಡ್ತಾರೆ ಮೇಡಂ. ನೀವು ಹೊರಗೆ ಕೂತಿರಿ, ಚಹಾ ಕಳಿಸ್ತೀನಿ."

ಹೊರಗೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಬ್ಬ ಗಂಡಸು ಗಹಗಹಿಸಿ ನಗುವುದು ಕೇಳಿಸಿತು. ಯಾರಪ್ಪ ಇದು, ಆಸ್ಪತ್ರೆಯಲ್ಲಿ ಹೀಗೆ ನಗುವುದು ಎಂದುಕೊಂಡೆ. ಅದು ನನ್ನ ಗಂಡ.

ಕಾರಿನಲ್ಲಿ ಕೇಳಿದೆ: "ಏನು ಅಷ್ಟೊಂದು ತಮಾಷೆ?"

"ಏನಿಲ್ಲ" ಎಂದರು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಎಂದೇ ಬರೆಯುತ್ತೇನೆ. ಇವರು ನಿಮ್ಮನ್ನು ಕೇಳಿದರು.

*

ಮಾರ್ಚ್ 15

ಏನೇ ಹುಡುಗಿ,

ನಿನ್ನ ಕಾಗದಾನ ಕಟಿಂಗ್ ಟೇಬಲ್ ಮೇಲೆ ಇಟ್ಕೊಂಡೇ ಉತ್ತರ ಬರೀತಿದೀನಿ. ಶಾಲೆ ಯೂನಿಫಾರಂ ಆರ್ಡರ್ ಬಂದಿದೆ, ಅಂಗಡಿ ತುಂಬ ನೀಲಿ ಬಟ್ಟೆ. ಅವನ ನಗು ಯಾರದು ಅಂತ ನಿನಗೇ ಗೊತ್ತಾಗಲಿಲ್ಲ ಅನ್ನೋದನ್ನ ಓದಿ ನಕ್ಕೂ ನಕ್ಕೂ ಒಂದು ಲಂಗ ತಪ್ಪು ಕತ್ತರಿಸಿದೆ. ಆ ಲಂಗದ ಪಾಪ ನಿನಗೇ.

ನಮ್ಮ ಗುಮ್ಮ ಮಾತಾಡಲ್ಲ ಅಂತ ಯಾರು ಹೇಳಿದ್ದು? ಚಿಕ್ಕವನಿದ್ದಾಗ ನೀರಿನ ಟ್ಯಾಂಕ್ ಹಿಂದೆ ಕೂತ್ಕೊಂಡು ಗಂಟೆಗಟ್ಟಲೆ ಮಾತಾಡೋನು. ನನ್ನ ಹತ್ರ. ನಿನ್ನ ಹತ್ರ ಮಾತಾಡಲ್ಲ ಅಂದ್ರೆ ಅದಕ್ಕೆ ನಾನೇನು ಮಾಡ್ಲಿ? ನೀನು ಪ್ರಶ್ನೆ ಕೇಳ್ತೀಯ, ಅವನು ಬಾಯಿ ತೆಗೆಯೋಷ್ಟರಲ್ಲಿ ಉತ್ತರಾನೂ ನೀನೇ ಹೇಳಿಬಿಡ್ತೀಯ. ಚಳಿಗಾಲದಲ್ಲಿ ಬಂದಿದ್ದಾಗ ನೋಡಿದೀನಲ್ಲ. "ಚಹಾ ಮಾಡ್ಲಾ? ಈಗ ಬೇಡ ಅಲ್ವಾ?" ಮುಗೀತು, ಚಹಾ ಇಲ್ಲ.

ಅದಿರಲಿ, ಒಳಗಿನ ನಗು ಹೊರಗೆ ಕೇಳಿಸ್ತು ಅಂದ್ರೆ ಬೆಂಚನ್ನ ಬಾಗಿಲಿಗೆ ಎಷ್ಟು ಹತ್ರ ಎಳ್ಕೊಂಡಿದ್ದೆ?

ಅವನು ನನಗೆ ಬರೆದು ಎಂಟು ತಿಂಗಳಾಯ್ತು. 'ಇವರು ನಿಮ್ಮನ್ನು ಕೇಳಿದರು' ಅಂತ ಕೊನೇಲಿ ಸೇರಿಸ್ತೀಯಲ್ಲ, ಅದು ಅವನು ಹೇಳಿದ್ದಲ್ಲ ಅಂತ ನನಗೆ ಗೊತ್ತು. ಸೇರಿಸಬೇಡ.

*

ಏಪ್ರಿಲ್ 2

ಅತ್ತಿಗೆ,

ಬೆಂಚನ್ನು ನಾನು ಎಳೆದುಕೊಳ್ಳಲಿಲ್ಲ. ಅದು ಗೋಡೆಗೆ ಬಿಗಿದ ಬೆಂಚು.

ಸಭೆಯ ವರದಿ ಅಂಚೆಯಲ್ಲಿ ಬಂತು, ಇವರ ಹೆಸರಿಗೆ. ಲಕೋಟೆ ತೆರೆಯುವುದು ಇವರ ಬೆರಳಿಗೆ ಕಷ್ಟವೆಂದು ನಾನೇ ತೆರೆದೆ. ತೆರೆದ ಮೇಲೆ ಓದಿದೆ. ಓದು ಎಂದು ಯಾರೂ ಹೇಳಿರಲಿಲ್ಲ.

ಯಾರು ಏನು ಹೇಳಿದರೆಂದು ಗೊತ್ತಾಗದಿರಲು ಹೆಸರಿನ ಬದಲು ಅಂಕಿ ಹಾಕಿದ್ದಾರೆ. ಇವರು ಐದನೆಯ ಸದಸ್ಯರು. 'ಲಿಫ್ಟ್ ನಡುವೆ ನಿಂತಾಗ ಒಳಗಿರುವವರು ಮಾಡುವ ದೊಡ್ಡ ತಪ್ಪೆಂದರೆ ಗಾಬರಿಯಿಂದ ಬಾಗಿಲು ಎಳೆಯುವುದು, ನನ್ನ ಕಾಲು ನಿಂತಾಗಲೂ ಅಷ್ಟೆ' ಎಂದು ಇವರಲ್ಲದೆ ಇನ್ನು ಯಾರು ಹೇಳುತ್ತಾರೆ? ಅದರ ಕೆಳಗೆ ಹೀಗಿತ್ತು:

"ಐದನೆಯ ಸದಸ್ಯರು: ನನಗೆ ಬೀಳುವ ಭಯಕ್ಕಿಂತ, ಎತ್ತಲು ಓಡಿಬರುವವರ ಭಯ ಹೆಚ್ಚು. ಸ್ವಲ್ಪ ಹೊತ್ತು ಬಿಟ್ಟರೆ ನಾನೇ ಏಳುತ್ತೇನೆ. ಆದರೆ ಆ ಮುಖ ನೋಡಿದರೆ 'ಬಿಡು' ಎನ್ನಲು ಬಾಯಿ ಬರುವುದಿಲ್ಲ."

ಓಡಿಬರುವವಳು ನಾನು. ಆ ಮುಖ ನನ್ನದು. ಹತ್ತೊಂಬತ್ತು ವರ್ಷ ಜೊತೆಗಿದ್ದವಳಿಗೆ ಹೇಳದ್ದನ್ನು ಎರಡು ಗುರುವಾರದ ಪರಿಚಯದವರಿಗೆ ಹೇಳಿದ್ದಾರೆ. ಅದನ್ನು ಯಾರೋ ಟೈಪ್ ಮಾಡಿ, ಪುಟಸಂಖ್ಯೆ ಹಾಕಿ, ಪಿನ್ ಹೊಡೆದು ನನ್ನ ಮನೆಗೇ ಕಳಿಸಿದ್ದಾರೆ.

ಆ ದಿನದ ನಗುವಿನ ಕಾರಣವೂ ಸಿಕ್ಕಿತು. ಎರಡನೆಯ ಸದಸ್ಯೆ ಒಬ್ಬಳಿದ್ದಾಳೆ. ಹಿಂದೆ ಕಾರು ಓಡಿಸಲು ಕಲಿಸುತ್ತಿದ್ದವಳಂತೆ. ಸಭೆ ಮುಗಿಸಿ ಇವರ ಜೊತೆ ಹೊರಬಂದವಳು ಅವಳೇ ಇರಬೇಕು: ಅರವತ್ತರ ಹತ್ತಿರ, ಕೆಂಪು ಶೂ. ವರದಿಯಲ್ಲಿ ಅವಳ ಮಾತು ಹೀಗಿದೆ: "ಐದನೆಯವರೂ ನಾನೂ ಅಕ್ಕಪಕ್ಕ ಕೂತರೆ ಚಹಾಕ್ಕೆ ಚಮಚ ಬೇಡ, ಸಕ್ಕರೆ ತಾನೇ ಕದಡಿಕೊಳ್ಳುತ್ತದೆ. (ನಗು)"

ಕಂಸದಲ್ಲಿ ನಗು. ನಾನು ಈ ಮನೆಯಲ್ಲಿ ಇವರ ಕೈ ನಡುಗುವುದನ್ನು ಕಂಡರೂ ಕಾಣದವಳಂತಿರುವುದನ್ನು ನಾಲ್ಕು ವರ್ಷ ಅಭ್ಯಾಸ ಮಾಡಿದ್ದೇನೆ. ಅವಳು ಒಂದೇ ದಿನದಲ್ಲಿ ಆ ಕೈಯ ಬಗ್ಗೆ ತಮಾಷೆ ಮಾಡಿದಳು, ಇವರು ನಕ್ಕರು.

ಅವಳಿಗೂ ಇದೇ ಕಾಯಿಲೆ, ಅತ್ತಿಗೆ. ಕಾಯಿಲೆಯವಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಎಂಥವಳು? ಉತ್ತರ ಬೇಡ.

*

ಏಪ್ರಿಲ್ 14

ಹುಡುಗೀ,

ಬೇಡ ಅಂದ್ರೂ ಕೊಡ್ತೀನಿ: ನಿನ್ನಂಥವಳು.

ಆದ್ರೆ ಓಡಿಬರೋದು ನೀನೇ ಅಂತ ಹೇಗೆ ಹೇಳ್ತೀಯ? ಚಳಿಗಾಲದಲ್ಲಿ ಔಷಧಿ ಅಂಗಡಿ ಮುಂದೆ ಎಡವಿಬಿದ್ದ. ನೀನು ಒಳಗೆ ಡಾಕ್ಟರ ಚೀಟಿ ತೋರಿಸ್ತಿದ್ದೆ. ಓಡಿಹೋಗಿ ರಟ್ಟೆ ಹಿಡಿದು ಎತ್ತಿದವಳು ನಾನು. "ಅಯ್ಯೋ ನನ್ನಪ್ಪಾ" ಅಂತ ಕೂಗಿಬಿಟ್ಟೆ, ಬೀದಿಯವರೆಲ್ಲ ತಿರುಗಿ ನೋಡಿದ್ರು. ಅವನ ಮುಖ ಕೆಂಪಗಾಯ್ತು. "ಅವಳಿಗೆ ಹೇಳ್ಬೇಡ" ಅಂದ. ಹೇಳಲಿಲ್ಲ.

ಅವನು ಅಲ್ಲಿ ಹೇಳಿರೋದು ಅದನ್ನ. 'ಬಿಡು' ಅನ್ನೋಕೆ ಬಾಯಿ ಬರದೇ ಇರೋ ಮುಖ ಈ ಪ್ರಪಂಚದಲ್ಲಿ ಯಾವುದಾದ್ರೂ ಇದ್ರೆ ಅದು ನಂದು. ಎತ್ತಿ ಆಡಿಸಿದವಳು ನಾನು ತಾನೇ? ನೀನು ಬಂದಿದ್ದು ಅವನಿಗೆ ಮೀಸೆ ಬಂದ ಮೇಲೆ.

ಎಲ್ಲಾದಕ್ಕೂ ನೀನೇ ಬೇಕಾ ನಿನಗೆ? ಅವನ ಕಷ್ಟಕ್ಕೂ ನೀನೇ ಯಜಮಾನಿ ಆಗ್ಬೇಕಾ?

ಆ ಕೆಂಪು ಶೂ ಹೆಂಗಸು ಮಾತ್ರ ನನಗೆ ಇಷ್ಟವಾದಳು. ನಿನಗೆ ಸಿಟ್ಟು ಬರಲಿ ಅಂತಾನೇ ಬರೀತಿದೀನಿ.

*

ಮೇ 5

ಅತ್ತಿಗೆ,

ಬಿದ್ದ ಸಂಗತಿಯನ್ನು ನೀವಿಬ್ಬರೂ ಸೇರಿ ಮುಚ್ಚಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ.

ಇಲ್ಲಿ ಕೆಲಸ ಮುಂದುವರಿದಿದೆ. ಪ್ರತಿಯೊಬ್ಬ ಸದಸ್ಯರೂ ಮನೆಯಲ್ಲಿ ಕೂತು ಯೋಚಿಸಿ, ಸಂಶೋಧನೆ ಆಗಲೇಬೇಕಾದ ಮೂರು ವಿಷಯ ಬರೆದುಕೊಡಬೇಕು. ಕನಿಷ್ಠ ಇಬ್ಬರ ಪಟ್ಟಿಯಲ್ಲಿ ಇರುವ ವಿಷಯ ಮಾತ್ರ ಮುಂದಕ್ಕೆ ಹೋಗುತ್ತದೆ. ಇವರು ಎರಡು ದಿನ ಕೂತು ಬರೆದರು. ಈಗ ಇವರ ಅಕ್ಷರ ಹೇಗಾಗಿದೆ ಗೊತ್ತೇ? ಸಾಲು ಶುರುವಾಗುವಾಗ ಸಾಸಿವೆಯಷ್ಟು, ಮುಗಿಯುವಾಗ ಗಸಗಸೆಯಷ್ಟು. ಅದೂ ಈ ಕಾಯಿಲೆಯದೇ ಗುಣವಂತೆ. ನಿಮಗೆ ಬರೆಯದಿರಲು ಅದೇ ಕಾರಣವಿರಬೇಕು, ಬೇರೆ ಏನೂ ಕಲ್ಪಿಸಿಕೊಳ್ಳಬೇಡಿ.

ಸಂಯೋಜಕಿ ಫೋನ್ ಮಾಡಿದಳು. "ಸಾರ್ ಬರೆದಿದ್ದು ಇಲ್ಲಿ ಯಾರಿಗೂ ಓದೋಕೆ ಆಗ್ತಿಲ್ಲ ಮೇಡಂ. ವಾಪಸ್ ಕಳಿಸಿದೀನಿ. ನಿಮಗೆ ಗೊತ್ತಾಗುತ್ತಲ್ಲ, ಸ್ವಲ್ಪ ಟೈಪ್ ಮಾಡಿ ಕೊಡ್ತೀರಾ?"

ನನಗೆ ಗೊತ್ತಾಗುತ್ತದೆ ಎಂದು ಅವಳ ಬಾಯಲ್ಲಿ ಕೇಳಿ ಆದ ಸಮಾಧಾನವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಆ ಬಾಗಿಲ ಆಚೆ ಯಾರಿಗೂ ಬಾರದ್ದು ನನಗೆ ಬರುತ್ತದೆ.

ಟೈಪ್ ಮಾಡಿ ಕಳಿಸಿದೆ. ಮೊದಲನೆಯದು ನಿದ್ದೆ. ಎರಡನೆಯದು ಮಾತ್ರೆಯ ಹೊತ್ತು. ಮೂರನೆಯದು ಬೆನ್ನಿನ ಬಿಗಿತ. ಒಂದೆರಡು ಕಡೆ ವಾಕ್ಯ ತಿದ್ದಿದೆ. ಪಠ್ಯಪುಸ್ತಕದ ಕರಡು ತಿದ್ದುವುದೇ ನನ್ನ ಕಸುಬಲ್ಲವೇ, ಕೈ ಸುಮ್ಮನಿರುವುದಿಲ್ಲ.

*

ಮೇ 18

ಹುಡುಗೀ,

ಗುಮ್ಮ ಕಾಗದ ಬರೆದಿದ್ದಾನೆ! ಮೂರು ಪುಟ. ಅಂಚೆಪೆಟ್ಟಿಗೆಗೂ ಅವನೇ ಹಾಕಿದ್ದಂತೆ, ನಿನಗೆ ಗೊತ್ತಿರಲಿಕ್ಕಿಲ್ಲ. ಕಾಜಾ ಹೊಲಿಯೋಕೆ ಇಟ್ಕೊಂಡಿರೋ ಭೂತಗನ್ನಡಿ ಹಿಡಿದು ಎರಡು ಮಧ್ಯಾಹ್ನ ಕೂತು ಓದಿದೆ. ಓದೋಕೆ ಬರೋದು ನಿನಗೊಬ್ಬಳಿಗೇ ಅಲ್ಲ ಕಣಮ್ಮ.

ಏನು ಬರೆದಿದ್ದಾನೆ ಅಂತ ಕೇಳಬೇಡ. ಹೇಳಲ್ಲ.

ಒಂದು ಮಾತ್ರ ಕೇಳ್ತೀನಿ. ತನ್ನ ಮೂರು ವಿಷಯಾನೂ ನನಗೆ ಬರೆದಿದ್ದಾನೆ. ಮಾತ್ರೆ ಇದೆ, ಬೆನ್ನು ಇದೆ. ನಿದ್ದೆ ಇಲ್ಲ. ಮೊದಲನೇದು 'ಮನೆಯವರಿಗೆ ಕಾಯೋದನ್ನ ಹೇಗೆ ಕಲಿಸೋದು' ಅಂತ ಇದೆ. ಎತ್ತದೆ, ಹಿಡಿಯದೆ, ವಾಕ್ಯ ಮುಗಿಸಿಕೊಡದೆ ಪಕ್ಕದಲ್ಲಿ ಸುಮ್ಮನೆ ಇರೋದನ್ನ ಯಾರಾದ್ರೂ ಸಂಶೋಧನೆ ಮಾಡಿ ಹೇಳಿಕೊಡಬೇಕಂತೆ.

ನಾನು ಓದಿದ್ದು ತಪ್ಪೋ, ನೀನು ಟೈಪ್ ಮಾಡಿದ್ದು ತಪ್ಪೋ?

*

ಜೂನ್ 1

ಅತ್ತಿಗೆ,

ನೀವು ಓದಿದ್ದು ಸರಿ.

ಹತ್ತು ದಿನದಿಂದ ಈ ಕಾಗದವನ್ನು ಬೇರೆ ಬೇರೆ ರೀತಿಯಲ್ಲಿ ಶುರುಮಾಡಿ ಹರಿದಿದ್ದೇನೆ. ಪ್ರತಿ ಸಲವೂ ಕಾರಣಗಳಿಂದ ಶುರುಮಾಡುತ್ತಿದ್ದೆ. ಬರೆದವರ ಮಾತನ್ನು ಬದಲಿಸಕೂಡದು ಎಂಬುದು ನನ್ನ ಕಸುಬಿನ ಮೊದಲ ಪಾಠ. ಇಪ್ಪತ್ತು ವರ್ಷದಲ್ಲಿ ಅಪರಿಚಿತ ಲೇಖಕರ ಒಂದು ಪದವನ್ನೂ ಕೇಳದೆ ಬದಲಿಸಿದವಳಲ್ಲ. ನನ್ನ ಗಂಡನ ಒಂದು ಇಡೀ ಸಾಲು ತೆಗೆದು ನನ್ನದನ್ನು ಹಾಕಿದೆ. ಆ ಹೊತ್ತಿನಲ್ಲಿ ಅದು ತಿದ್ದುಪಡಿಯೆಂದೇ ಅನ್ನಿಸಿತು. ಎಂಟು ಜನ ಮೇಜಿನ ಸುತ್ತ ಕೂತು ನನ್ನ ಬಗ್ಗೆ ಚರ್ಚಿಸುತ್ತಾರೆ, ಆಮೇಲೆ ಡಾಕ್ಟರುಗಳು ಚರ್ಚಿಸುತ್ತಾರೆ, ಆಮೇಲೆ ಅದು ಎಲ್ಲೆಲ್ಲೋ ಅಚ್ಚಾಗುತ್ತದೆ. ಇವರು ನನಗೆ ಒಂದು ಸಲ, ಒಂದೇ ಸಲ ಹೇಳಿದ್ದರೆ ಸಾಕಿತ್ತಲ್ಲ?

ಮೇ 28ರಂದು ಪಟ್ಟಿಗಳನ್ನು ಓದಿದರು. ಸೆಖೆಗೆ ಬಾಗಿಲು ತೆರೆದಿತ್ತು. ಬೆಂಚಿನಲ್ಲಿ ಕೂತ ನನಗೆ ಎಲ್ಲವೂ ಕೇಳಿಸಿತು.

"ಮನೆಯವರಿಗೆ ಕಾಯೋದನ್ನ ಕಲಿಸೋದು. ಇದು ಒಂದೇ ಪಟ್ಟಿಯಲ್ಲಿದೆ, ಬಿಟ್ಟುಬಿಡ್ಬೇಕಾಗುತ್ತೆ" ಎಂದಳು ಸಂಯೋಜಕಿ.

"ಒಂದೇನಾ?" ಎಂದಳು ಕೆಂಪು ಶೂನವಳು. "ಅದು ನಂದು. ಸಾರ್, ನೀವೂ ಇದನ್ನೇ ಬರೀತೀನಿ ಅಂದಿದ್ರಲ್ಲ? ನಿಮ್ಮ ಮಾತು ಕೇಳಿಯೇ ಅಲ್ವಾ ನಾನು ಬರೆದಿದ್ದು?"

 

"ಬರೆದಿದ್ದೆ" ಎಂದರು ಇವರು. "ಅಕ್ಷರ ತೀರಾ ಸಣ್ಣದಾಗಿತ್ತೇನೋ. ಮನೇಲೂ ಓದೋಕೆ ಆಗಿರಲ್ಲ. ಇರಲಿ ಬಿಡಿ."

ದಾರಿಯಲ್ಲಿ ಇವರೇ ನನ್ನ ಕ್ಷಮೆ ಕೇಳಿದರು, ಅತ್ತಿಗೆ. "ನಿನಗೆ ಓದೋಕೆ ಕಷ್ಟ ಆಯ್ತು ಅಂತ ಕಾಣುತ್ತೆ. ಹೇಳಬಾರದಿತ್ತಾ?" ಎಂದರು. ನಾನು ಗೇರ್ ಬದಲಿಸಿದೆ.

ಈಗ ದಿನಾ ಬೆಳಿಗ್ಗೆ ಎರಡು ಗೆರೆಯ ಪುಸ್ತಕದಲ್ಲಿ ಅ ಆ ತಿದ್ದುತ್ತಿದ್ದಾರೆ. ನಿನ್ನೆ ಒಂದು ಹಾಳೆ ಕೊಟ್ಟರು. ಗುಂಪು ಬಿಡುತ್ತೇನೆಂದು ರಾಜೀನಾಮೆ. "ಬರೆದಿದ್ದು ಓದೋಕೇ ಆಗದವನು ಅಲ್ಲಿ ಕೂತು ಏನು ಮಾಡ್ಲಿ? ಟೈಪ್ ಮಾಡ್ಕೊಡು" ಎಂದರು. ಜೂನ್ 20ಕ್ಕೆ ಪಟ್ಟಿ ಡಾಕ್ಟರುಗಳ ಕೈ ಸೇರುತ್ತದೆ. ಆಮೇಲೆ ಬದಲಿಸಲಾಗದು.

ರಾಜೀನಾಮೆ ನನ್ನ ಮೇಜಿನ ಮೇಲಿದೆ. ಟೈಪ್ ಮಾಡಿಲ್ಲ. ನಿಜವನ್ನೂ ಹೇಳಿಲ್ಲ.

*

ಜೂನ್ 9

ಕಾಗದ ಸಿಕ್ಕಿದ ಕೂಡಲೇ ಬರೀತಿದೀನಿ. ಎರಡು ದಿನ ಬಿಟ್ಟು ಬರೆದಿದ್ರೆ ಇಷ್ಟು ಬೈತಿರಲಿಲ್ಲ. ಅದಕ್ಕೇ ಈಗಲೇ ಬರೀತಿದೀನಿ.

ಅವನು ಅ ಆ ತಿದ್ದೋದನ್ನ ನೋಡ್ಕೊಂಡು ನೀನು ಪಕ್ಕದಲ್ಲಿ ಹೇಗೆ ಕೂತಿದ್ದೆ? ನಾನಾಗಿದ್ರೆ... ನಾನಾಗಿದ್ರೆ ಏನು ಮಾಡ್ತಿದ್ದೆ ಅಂತ ಬರೆಯೋಕೆ ಹೊರಟೆ, ಕೈ ನಿಂತಿತು. ನಾನೂ ಒಂದು ತಪ್ಪು ಮಾಡಿದೀನಿ. ಅವನ ಕಾಗದದಲ್ಲಿ ನಿನ್ನ ಬಗ್ಗೆ ಇದ್ದಿದ್ದನ್ನ ಬೇಕಂತಲೇ ನಿನಗೆ ಬರೀಲಿಲ್ಲ. ಹತ್ತು ತಿಂಗಳಾದ ಮೇಲೆ ನನಗೆ ಬರೆದ ಕಾಗದ, ಅದರಲ್ಲೂ ಮೂರರಲ್ಲಿ ಎರಡು ಪುಟ ನೀನೇ. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂತ ಯಾರೂ ಬರೆದುಕೊಟ್ಟಿಲ್ಲ.

ಕಾಗದ ಕಳಿಸಲ್ಲ. ಅದು ನಂದು. ಒಂದು ಸಾಲು ಕೊಡ್ತೀನಿ. ಎತ್ತೋದು ಯಾರು ಅಂತ ನಾವಿಬ್ಬರೂ ಜಗಳ ಆಡಿದ್ವಲ್ಲ, ಅದು ನೀನೇ. ಗೆದ್ದೆ, ತಗೋ: "ಅವಳಿಗೆ ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆಗೆದೆ ಅಕ್ಕ. ಹಿಡೀಬೇಡ ಅಂದ್ರೆ ಅವಳು ಆ ಕೈಗಳನ್ನ ಎಲ್ಲಿ ಇಟ್ಕೋತಾಳೆ?"

ಇನ್ನು ಹೋಗು, ಹೇಳು. ಇಪ್ಪತ್ತಕ್ಕೆ ಹನ್ನೊಂದೇ ದಿನ ಇದೆ.

*

ಜುಲೈ 12

ಅತ್ತಿಗೆ,

ತಡವಾಯಿತು. ಬರೆಯುವುದು ಬಹಳ ಇದೆ, ಎಲ್ಲವನ್ನೂ ಬರೆಯುವುದಿಲ್ಲ.

ಮೊದಲು ಸಂಯೋಜಕಿಯ ಹತ್ತಿರ ಹೋದೆ. ಇವರಿಗೆ ಹೇಳುವುದನ್ನು ತಪ್ಪಿಸಿಕೊಳ್ಳುವ ಆಸೆಯಿಂದಲೇ ಹೋದೆ. ಪಟ್ಟಿ ತಿದ್ದಿಕೊಳ್ಳಿ, ತಪ್ಪು ನನ್ನದು ಎಂದೆ. ಅವಳು ಪೆನ್ನು ಕೆಳಗಿಟ್ಟಳು.

"ಅದು ಸಾರ್ ಅವರೇ ಹೇಳ್ಬೇಕು ಮೇಡಂ. ಅವರ ಪರವಾಗಿ ನೀವು ಹೇಳಿದ್ದನ್ನ ನಾನು ಬರ್ಕೊಂಡ್ರೆ ಮತ್ತೆ ಅದೇ ಆಯ್ತಲ್ಲ?"

ಅಡುಗೆಮನೆಯ ಮೇಜಿನ ಹತ್ತಿರ ಹೇಳಿದೆ. ಹೇಳಿ ಮುಗಿಸಿದಾಗ ಇವರ ಮೊದಲ ಪ್ರಶ್ನೆ ಏನಿರಬಹುದು ಹೇಳಿ.

"ಅಂದ್ರೆ ನಿನಗೆ ಓದೋಕೆ ಆಯ್ತಾ?"

"ಎಲ್ಲಾ ಓದಿದೆ. ಒಂದು ಅಕ್ಷರವೂ ಬಿಡದೆ."

"ಹಾಗಾದ್ರೆ ಕೈ ಅಷ್ಟೊಂದು ಕೆಟ್ಟಿಲ್ಲ" ಎಂದು ಉಸಿರು ಬಿಟ್ಟರು. ಆ ಮುಖದಲ್ಲಿದ್ದದ್ದು ಖುಷಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ತಡೆಯಲಾಗಲಿಲ್ಲ.

ಸಿಟ್ಟು ಆಮೇಲೆ ಬಂತು. "ಹಾಕೋದು ಹಾಕ್ದೆ, ನಿದ್ದೆ ಅಂತ ಯಾಕೆ ಹಾಕ್ದೆ? ನಾನು ಚೆನ್ನಾಗೇ ನಿದ್ದೆ ಮಾಡ್ತೀನಿ. ನಿದ್ದೆ ಇಲ್ಲದೇ ಇರೋಳು ನೀನು."

ಅದು ನಿಜ. ನನಗದು ಹೊಳೆದೇ ಇರಲಿಲ್ಲ.

ಆಮೇಲೆ ಹಾಳೆ ಕೇಳಿದರು. ನಾಲ್ಕು ಸಾಲು ಬರೆಯಲು ನಲವತ್ತು ನಿಮಿಷ ಹಿಡಿಯಿತು. ಎರಡು ಸಲ ಪೆನ್ನು ಬಿತ್ತು, ಎರಡು ಸಲವೂ ಇವರೇ ಬಗ್ಗಿ ಎತ್ತಿಕೊಂಡರು. ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಬೇರೆ ಮಾಡಿಲ್ಲ. ಚೆನ್ನಾಗಿಯೂ ಮಾಡಲಿಲ್ಲ. ಒಂದು ಸಲ ಎದ್ದೇಬಿಟ್ಟಿದ್ದೆ.

ಬರೆದದ್ದನ್ನು ನನಗೆ ಕೊಡಲಿಲ್ಲ. "ಇನ್ನು ಮೇಲೆ ಅವರು ಟೈಪ್ ಮಾಡ್ಕೊಡ್ತಾರೆ" ಎಂದರು. ಅವರು ಅಂದರೆ ಕೆಂಪು ಶೂ. ಕೈ ನಡುಗುವವಳು ಇನ್ನೊಂದು ನಡುಗುವ ಕೈಯ ಅಕ್ಷರವನ್ನು ಒಂದೇ ಬೆರಳಲ್ಲಿ ಕುಟ್ಟುತ್ತಾಳಂತೆ. ತಪ್ಪುಗಳು ಎಷ್ಟಿರುತ್ತವೋ! ನನ್ನ ಕೆಲಸ ಹೋಯಿತು, ಅತ್ತಿಗೆ. ನ್ಯಾಯವಾಗಿಯೇ ಹೋಯಿತು. ಹಾಗೆಂದು ಉರಿ ಕಡಿಮೆಯಾಗಿಲ್ಲ.

ರಾಜೀನಾಮೆ ಹರಿದು ಹಾಕಿದರು. ಜೂನ್ ಹದಿನೆಂಟರಂದು ಒಬ್ಬರೇ ಆಸ್ಪತ್ರೆಯ ವ್ಯಾನಿನಲ್ಲಿ ಹೋಗಿ ಪಟ್ಟಿ ತಿದ್ದಿಸಿದರು. ಇಬ್ಬರ ಪಟ್ಟಿಯಲ್ಲಿರುವುದರಿಂದ ಇವರ ವಿಷಯ ಉಳಿಯಿತು. ಡಾಕ್ಟರುಗಳು ಅದನ್ನೇ ಮೊದಲು ಎತ್ತಿಕೊಂಡಿದ್ದಾರೆ. ಮನೆಯವರು ಕಾಯುವುದರ ಬಗ್ಗೆ ಮನೆಯವರನ್ನು ಕೇಳದೆ ಹೇಗೆ ಎಂದು ನಮ್ಮದೊಂದು ಗುಂಪು ಮಾಡಿದ್ದಾರೆ. ಕಾಯಿಲೆಯವರಿಗೆ ಒಳಗೆ ಪ್ರವೇಶವಿಲ್ಲ.

ಜುಲೈ 2ರಂದು ಹೋದೆ. ನನ್ನ ಅಂಕಿ ಮೂರು. ಬಾಯಿ ತೆಗೆಯಬಾರದೆಂದೇ ಹೋದವಳು ಇಪ್ಪತ್ತು ನಿಮಿಷ ಮಾತಾಡಿದೆ. ನಾನು ಅಂಥದ್ದನ್ನೆಲ್ಲ ಯೋಚಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದೆ. "ಬಿಸ್ಕತ್ತು ಕೊಟ್ರಾ?" ಎಂದು ಕೇಳಿದರು.

"ಕೊಟ್ರು."

"ಜನ ಹೇಗೆ?"

"ಒಳ್ಳೆಯವರು."

ನಿನ್ನೆ ಸಭೆಯ ವರದಿ ಬಂತು, ನನ್ನ ಹೆಸರಿಗೆ. ಇವರೇ ಬಾಗಿಲಿನಿಂದ ತಂದು ನನ್ನ ಕೈಗೆ ಕೊಟ್ಟು, ಏನೋ ಮರೆತವರಂತೆ ಅಲ್ಲೇ ನಿಂತರು. ನಾನು ಲಕೋಟೆ ತೆರೆಯಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

*

ಜುಲೈ 24

ಏನೇ ಹುಡುಗಿ,

ಗುಮ್ಮನ ಕಾಗದ ಬಂದಿದೆ. ಹತ್ತು ತಿಂಗಳಿಗೊಂದು ಬರೆಯೋನು ಎರಡೇ ತಿಂಗಳಲ್ಲಿ ಇನ್ನೊಂದು ಬರೆದಿದ್ದಾನೆ ಅಂತ ಕುಣಿದಾಡಿ ಬಿಚ್ಚಿದೆ. ನನ್ನ ಕಿವಿ ಹೇಗಿದೆ ಅಂತ ಕೇಳಿಲ್ಲ, ಅಂಗಡಿ ಹೇಗಿದೆ ಅಂತ ಕೇಳಿಲ್ಲ. ಒಂದೇ ಸಾಲು:

"ಅಕ್ಕ, ಅವಳು ಅಲ್ಲಿ ಏನು ಹೇಳಿದಳು ಅಂತ ನಿನಗೇನಾದ್ರೂ ಬರೆದಿದ್ದಾಳಾ?"

ಇನ್ನೂ ಉತ್ತರ ಕೊಟ್ಟಿಲ್ಲ. ನೀನು ಬೇಗ ಬರಿ. ಅವನಿಗೆ ಹೇಳೋದೋ ಬಿಡೋದೋ ಆಮೇಲೆ ನೋಡೋಣ. ಆದ್ರೆ ನನಗೂ ಗೊತ್ತಿಲ್ಲ ಅಂತ ಅವನಿಗೆ ಬರೆಯೋಕೆ ಮಾತ್ರ ನನ್ನ ಕೈಲಿ ಆಗಲ್ಲ.